ಬಾರಕೂರನ್ನು ನದಿಯಿಂದ ಆರಂಭಿಸಿ ನೋಡುವುದು: ಒಂದು ದಿನದ ಸಮಗ್ರ ಮಾರ್ಗದರ್ಶಿ

ಉಡುಪಿಯಿಂದ ಉತ್ತರಕ್ಕೆ ಸುಮಾರು 16 ಕಿಲೋಮೀಟರ್ ದೂರದಲ್ಲಿ, ಬ್ರಹ್ಮಾವರ ತಾಲ್ಲೂಕಿನಲ್ಲಿ, ಸೀತಾನದಿಯ ಮಗ್ಗುಲಲ್ಲಿರುವ ಬಾರಕೂರು ಇಂದು ತೆಂಗಿನ ತೋಟ ಮತ್ತು ಭತ್ತದ ಗದ್ದೆಗಳ ನಡುವಿನ ಸಣ್ಣ ಪೇಟೆ. ಇದೇ ಊರು ಒಂದು ಕಾಲಕ್ಕೆ ಆಳುಪ ಅರಸರ ರಾಜಧಾನಿಯಾಗಿತ್ತು. ಹೊಯ್ಸಳ ಮೂರನೆಯ ವೀರಬಲ್ಲಾಳನ ರಾಣಿ ಚಿಕ್ಕಾಯಿ ತಾಯಿ ಇಲ್ಲಿಂದ ಆಳ್ವಿಕೆ ನಡೆಸಿದಳು. ವಿಜಯನಗರದ ಕಾಲದಲ್ಲಿ ಕರಾವಳಿಯನ್ನು ಬಾರಕೂರು ರಾಜ್ಯ ಮತ್ತು ಮಂಗಳೂರು ರಾಜ್ಯ ಎಂದು ಎರಡಾಗಿ ವಿಭಾಗಿಸಿ ಒಂದೊಂದಕ್ಕೂ ಅಧಿಕಾರಿಯನ್ನು ನೇಮಿಸುತ್ತಿದ್ದಾಗ, ಉತ್ತರ ಭಾಗದ ಆಡಳಿತ ಕೇಂದ್ರವಾಗಿದ್ದುದು ಕೂಡ ಈ ಊರೇ.

ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಕಾರಿನಲ್ಲಿ ಬಂದು, ಕತ್ತಲೆ ಬಸದಿಯ ಮುಂದೆ ಅರ್ಧ ಗಂಟೆ ನಿಂತು, ನಾಲ್ಕು ಫೋಟೊ ತೆಗೆದುಕೊಂಡು ಮಲ್ಪೆಯ ಕಡಲತೀರಕ್ಕೆ ಹೊರಟುಬಿಡುತ್ತಾರೆ. ಹಾಗೆ ನೋಡಿದರೆ ಇಷ್ಟೊಂದು ದೇವಸ್ಥಾನ, ಬಸದಿ, ಶಾಸನಗಳು ಈ ಹಳ್ಳಿಯಲ್ಲಿ ಯಾಕಿವೆ ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಉತ್ತರ ಇರುವುದು ನದಿಯಲ್ಲಿ. ಸಮುದ್ರದಿಂದ ಒಳಗೆ, ಅಲೆಗಳ ಹೊಡೆತವಿಲ್ಲದ, ಆದರೆ ಭರತದ (ಉಬ್ಬರದ) ನೀರು ತಲುಪುವ ಜಾಗವನ್ನು ನೋಡಿ ಕಟ್ಟಿದ ಬಂದರು ಪಟ್ಟಣವಿದು. ಆದ್ದರಿಂದ ನದಿಯನ್ನು ಮೊದಲು, ಕೇರಿಗಳನ್ನು ಆಮೇಲೆ, ಕಲ್ಲುಗಳನ್ನು ಕೊನೆಗೆ ನೋಡಬೇಕೆಂಬುದು ಈ ಮಾರ್ಗದರ್ಶಿಯ ಮುಖ್ಯ ಸಲಹೆ. ಈ ಅನುಕ್ರಮಕ್ಕೆ ಗಾಳಿ, ಬಿಸಿಲು ಮತ್ತು ದೇವಸ್ಥಾನಗಳ ಸಮಯವೂ ಹೊಂದಿಕೊಳ್ಳುತ್ತವೆ.

ದಿನವನ್ನು ಆರಿಸಿಕೊಳ್ಳುವುದು

ನವೆಂಬರ್ ಮಧ್ಯದಿಂದ ಫೆಬ್ರವರಿ ಕೊನೆಯವರೆಗಿನ ಕಾಲ ಅತ್ಯುತ್ತಮ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಬಿಡುತ್ತದೆ. ಆಗುಂಬೆಯ ಆಸುಪಾಸಿನ ನರಸಿಂಹ ಪರ್ವತದ ಕಡೆಯಿಂದ ಇಳಿದು, ಸೋಮೇಶ್ವರ ಅಭಯಾರಣ್ಯ ಮತ್ತು ಹೆಬ್ರಿಯ ಕಾಡುಗಳನ್ನು ಹಾದು ಬರುವ ಸೀತಾನದಿ, ಕೆಳಗೆ ಬಿಸಿಲಿದ್ದರೂ ಘಟ್ಟದಲ್ಲಿ ಮಳೆಯಾದರೆ ಬೇಗನೆ ಏರುತ್ತದೆ. ಮಳೆಗಾಲದಲ್ಲಿ ಈ ನದಿಯಲ್ಲಿ ದೋಣಿ ವಿಹಾರಕ್ಕೆ ಇಳಿಯಲೇಬಾರದು. ಮಾರ್ಚ್ ನಂತರ ಹೋಗಬಹುದಾದರೂ, ಸೆಕೆಯಿಂದಾಗಿ ಬೆಳಿಗ್ಗೆ ಹತ್ತರ ಮೇಲೆ ನಡೆಯುವುದು ಕಷ್ಟವಾಗುತ್ತದೆ, ಮಕ್ಕಳೂ ಹಿರಿಯರೂ ಜೊತೆಗಿದ್ದರೆ ಇನ್ನೂ ಕಷ್ಟ.

ತಿಂಗಳನ್ನು ಆರಿಸಿದ ಮೇಲೆ ತಿಥಿಯನ್ನು ನೋಡಿ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ ಬರುತ್ತವೆ. ಒಂದು ಭರತದಿಂದ ಮುಂದಿನದಕ್ಕೆ ಸುಮಾರು ಹನ್ನೆರಡೂವರೆ ಗಂಟೆ ಬೇಕಾಗುವುದರಿಂದ, ಇವತ್ತಿನ ಭರತಕ್ಕಿಂತ ನಾಳಿನದು ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ನೀರಿನ ಏರಿಳಿತ ಹೆಚ್ಚು, ಸೆಳೆತವೂ ಹೆಚ್ಚು. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಕಡಿಮೆ. ಮೊದಲ ಸಲ ಕಯಾಕಿನಲ್ಲಿ ಕೂರುವವರು ಅಷ್ಟಮಿ ಸಮೀಪದ ದಿನಗಳನ್ನು ಆರಿಸಿಕೊಳ್ಳುವುದು ಒಳ್ಳೆಯದು. ಮಲ್ಪೆಯ ಭರತ–ಇಳಿತದ ಸಮಯಗಳನ್ನು ಮೊಬೈಲಿನಲ್ಲಿ ಸುಲಭವಾಗಿ ನೋಡಬಹುದು, ಆದರೆ ನದಿಯ ಒಳಗಿನ ಜಾಗಗಳಿಗೆ ನೀರು ಬಂದು ಮುಟ್ಟುವಾಗ ಸ್ವಲ್ಪ ತಡವಾಗುತ್ತದೆ ಎಂಬುದು ನೆನಪಿರಲಿ. ನಿಖರವಾದ ಹೊತ್ತನ್ನು ದೋಣಿಯವರಲ್ಲಿ ಹಿಂದಿನ ದಿನವೇ ಫೋನ್ ಮಾಡಿ ಕೇಳುವುದು ಎಲ್ಲಕ್ಕಿಂತ ಉತ್ತಮ. ಅವರು ಪ್ರತಿದಿನವೂ ಆ ನೀರನ್ನು ನೋಡುತ್ತಿರುವವರು.

ತಲುಪುವುದು ಮತ್ತು ಕಟ್ಟಿಕೊಳ್ಳಬೇಕಾದದ್ದು

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉಡುಪಿ–ಕುಂದಾಪುರದ ನಡುವೆ ಓಡಾಡುವ ಬಸ್ಸುಗಳು ಬ್ರಹ್ಮಾವರದಲ್ಲಿ ನಿಲ್ಲುತ್ತವೆ. ಅಲ್ಲಿಂದ ಬಾರಕೂರು ಕೆಲವೇ ಕಿಲೋಮೀಟರ್, ಬಸ್ಸೂ ರಿಕ್ಷಾವೂ ಸಿಗುತ್ತವೆ. ಕೊಂಕಣ ರೈಲ್ವೆಯಲ್ಲಿ ಬಾರಕೂರಿಗೆ ಸ್ವಂತ ನಿಲ್ದಾಣವೇ ಇದೆ, ಆದರೆ ಎಲ್ಲ ರೈಲುಗಳೂ ಅಲ್ಲಿ ನಿಲ್ಲುವುದಿಲ್ಲವಾದ್ದರಿಂದ ಮೊದಲೇ ವೇಳಾಪಟ್ಟಿ ನೋಡಿಕೊಳ್ಳಬೇಕು. ಮಂಗಳೂರಿನಿಂದ ಹೊರಡುವವರು ಹಿಂದಿನ ರಾತ್ರಿ ಉಡುಪಿಯಲ್ಲಿ ಉಳಿದರೆ ಬೆಳಗಿನ ಜಾವದ ನದಿ ತಪ್ಪುವುದಿಲ್ಲ. ಸೈಕಲ್ ತರಬಲ್ಲವರಿಗೆ ಇದು ಬಹಳ ಅನುಕೂಲದ ಊರು. ಹೆದ್ದಾರಿಯನ್ನು ಬಿಟ್ಟ ಮೇಲೆ ರಸ್ತೆಗಳು ಬಹುತೇಕ ಸಮತಟ್ಟು, ವಾಹನ ಕಡಿಮೆ.

ಜೊತೆಗೆ ಬೇಕಾದದ್ದು ಹೆಚ್ಚೇನಿಲ್ಲ: ನೀರಿನ ಬಾಟಲಿ, ಟೋಪಿ, ಒದ್ದೆಯಾದರೆ ಬದಲಿಸಲು ಒಂದು ಜೊತೆ ಬಟ್ಟೆ, ದೇವಸ್ಥಾನದೊಳಗೆ ಹೋಗುವ ಗಂಡಸರಿಗೆ ಒಂದು ಪಂಚೆ ಅಥವಾ ಶಾಲು, ಫೋನಿಗೆ ನೀರು ತಾಗದ ಚೀಲ, ಸಣ್ಣ ಟಾರ್ಚ್. ಟಾರ್ಚ್ ಯಾಕೆಂಬುದು ಶಾಸನಗಳ ವಿಷಯಕ್ಕೆ ಬಂದಾಗ ತಿಳಿಯುತ್ತದೆ. ಚಪ್ಪಲಿ ಸುಲಭವಾಗಿ ಕಳಚುವಂತಿರಲಿ, ಯಾಕೆಂದರೆ ಒಂದೇ ದಿನದಲ್ಲಿ ಅನೇಕ ಸಲ ಕಳಚಬೇಕಾಗುತ್ತದೆ.

ಮೊದಲ ಹಂತ: ಬೆಳಗಿನ ನದಿ

ಬೆಳಿಗ್ಗೆ ಆರೂವರೆಯಿಂದ ಎಂಟೂವರೆಯವರೆಗಿನ ಹೊತ್ತನ್ನು ನದಿಗೆ ಮೀಸಲಿಡಿ. ಹನ್ನೊಂದರ ಮೇಲೆ ಕಡಲಗಾಳಿ ಪಶ್ಚಿಮದಿಂದ ಬೀಸಲು ಆರಂಭಿಸಿ ನೀರಿನ ಮೇಲೆ ಸಣ್ಣ ತೆರೆಗಳನ್ನು ಎಬ್ಬಿಸುತ್ತದೆ. ಆಗ ಹುಟ್ಟು ಹಾಕುವುದು ಶ್ರಮದ ಕೆಲಸ. ಮುಂಜಾನೆ ನೀರು ಸ್ತಬ್ಧವಾಗಿರುತ್ತದೆ.

ಕಯಾಕ್ ವಿಹಾರಕ್ಕೆ ಈ ಭಾಗದಲ್ಲಿ ಹೆಸರಾಗಿರುವುದು ಸಾಲಿಗ್ರಾಮದ ಪಾರಂಪಳ್ಳಿಯ ಹಿನ್ನೀರು. ಬಾರಕೂರಿನಿಂದ ಹೆದ್ದಾರಿಗೆ ಬಂದು ಉತ್ತರಕ್ಕೆ ಸ್ವಲ್ಪ ದೂರ ಹೋದರೆ ಸಾಲಿಗ್ರಾಮ ಸಿಗುತ್ತದೆ. ಗುರುನರಸಿಂಹ ದೇವಸ್ಥಾನದ ಊರು ಎಂದರೆ ಯಾರಾದರೂ ದಾರಿ ತೋರಿಸುತ್ತಾರೆ. ಅಲ್ಲಿ ಸ್ಥಳೀಯರೇ ಕಯಾಕುಗಳನ್ನು ಇಟ್ಟುಕೊಂಡು, ಕಾಂಡ್ಲಾ (ಮ್ಯಾಂಗ್ರೋವ್) ವನದ ನಡುವಿನ ಕಾಲುವೆಗಳಲ್ಲಿ ಜನರನ್ನು ಕರೆದುಕೊಂಡು ಹೋಗುತ್ತಾರೆ. ಹುಟ್ಟು ಹಾಕಲು ಇಷ್ಟವಿಲ್ಲದವರು ದಡದಲ್ಲೇ ನಡೆಯಬಹುದು. ಹೆದ್ದಾರಿಯು ಮಾಬುಕಳದಲ್ಲಿ ಸೀತಾನದಿಯನ್ನು ದಾಟುತ್ತದೆ. ಸೇತುವೆಯ ಮೇಲೆ ವಾಹನ ನಿಲ್ಲಿಸುವುದು ಅಪಾಯ, ಆದ್ದರಿಂದ ಮೊದಲೇ ಇಳಿದು, ಬದಿಯ ಹಳ್ಳಿ ರಸ್ತೆಗಳ ಕಡೆ ತಿರುಗಿದರೆ ನದಿ ಎಷ್ಟು ಅಗಲವಾಗಿ ಹರಡಿಕೊಂಡಿದೆ ಎಂಬುದು ಕಾಣುತ್ತದೆ.

ಕಯಾಕಿಗೆ ಹತ್ತುವಾಗ ಅನುಸರಿಸಬೇಕಾದ ಕ್ರಮ ಇಷ್ಟು. ಮೊದಲು ಲೈಫ್ ಜಾಕೆಟ್ ಹಾಕಿಕೊಂಡು ಎಲ್ಲ ಕೊಂಡಿಗಳನ್ನೂ ಬಿಗಿಯಾಗಿ ಹಾಕಿ, ಇನ್ನೊಬ್ಬರಿಂದ ಭುಜದ ಪಟ್ಟಿಯನ್ನು ಮೇಲಕ್ಕೆ ಎಳೆಸಿ ನೋಡಿ. ಜಾಕೆಟ್ ಕಿವಿಯವರೆಗೆ ಜಾರಿ ಬಂದರೆ ಅದು ನಿಮ್ಮ ಅಳತೆಯದಲ್ಲ, ಬೇರೆಯದನ್ನು ಕೇಳಿ ಪಡೆಯಿರಿ. ಈಜು ಬರುತ್ತದೆ ಎಂಬ ಕಾರಣಕ್ಕೆ ಜಾಕೆಟ್ ಬಿಡಬಾರದು, ಯಾಕೆಂದರೆ ಈ ನದಿಯ ತಳ ಕೆಸರು, ಕಾಲು ಹೂತರೆ ಈಜುಗಾರನೂ ಗಾಬರಿಯಾಗುತ್ತಾನೆ. ಕುಳಿತ ಮೇಲೆ ಬೆನ್ನು ನೇರವಾಗಿರಲಿ, ಮೊಣಕಾಲು ಸ್ವಲ್ಪ ಮಡಚಿರಲಿ. ಹುಟ್ಟನ್ನು ತೋಳಿನ ಬಲದಿಂದ ಮಾತ್ರ ಎಳೆಯದೆ ಸೊಂಟದಿಂದ ತಿರುಗಿ ಎಳೆದರೆ ಅರ್ಧ ಗಂಟೆಯಲ್ಲಿ ದಣಿಯುವುದಿಲ್ಲ. ಹೊರಡುವಾಗ ಸೆಳೆತಕ್ಕೆ ಎದುರಾಗಿ ಹೋಗಿ, ಮರಳುವಾಗ ಅದರೊಡನೆ ಬರುವಂತೆ ಯೋಜಿಸಬೇಕು. ಶಕ್ತಿಯಿರುವಾಗ ಕಷ್ಟದ ಭಾಗ ಮುಗಿಯುತ್ತದೆ.

ಕಾಂಡ್ಲಾ ಮರಗಳ ನಡುವೆ ಹೋಗುವಾಗ ಮಾತು ನಿಲ್ಲಿಸಿ ನಿಧಾನಿಸಿದರೆ ಮಿಂಚುಳ್ಳಿ, ನೀರುಕಾಗೆ, ಬೆಳ್ಳಕ್ಕಿಗಳು ಹತ್ತಿರದಲ್ಲೇ ಕಾಣುತ್ತವೆ. ಇಳಿತದ ಹೊತ್ತಿನಲ್ಲಿ ಬೇರುಗಳ ನಡುವಿನ ಕೆಸರಿನಲ್ಲಿ ಏಡಿಗಳ ಓಡಾಟ ನೋಡಲು ಸಿಗುತ್ತದೆ. ಮರುವಾಯಿ (ಚಿಪ್ಪುಮೀನು) ಹೆಕ್ಕಲು ನೀರಿಗಿಳಿದಿರುವ ಹೆಂಗಸರು ಎದುರಾದರೆ ಅವರ ಜಾಗದಿಂದ ದೂರದಲ್ಲಿ ಹಾದುಹೋಗಿ, ಅನುಮತಿಯಿಲ್ಲದೆ ಫೋಟೊ ತೆಗೆಯಬೇಡಿ. ಅವರ ದಿನದ ದುಡಿಮೆ ಮುಂದಿನ ಭರತ ಬರುವುದರೊಳಗೆ ಮುಗಿಯಬೇಕು. ಬಲೆ ಕಟ್ಟಿದ ಗೂಟಗಳ ನಡುವೆ ಕಯಾಕ್ ನುಗ್ಗಿಸುವುದು ತಪ್ಪು. ನದಿಯ ನಡುವೆ ಇರುವ ಕುದ್ರುಗಳಲ್ಲಿ ಮನೆಗಳೂ ತೆಂಗಿನ ತೋಟಗಳೂ ಇರುವುದರಿಂದ, ಅವು ಖಾಸಗಿ ಜಾಗಗಳೆಂಬುದನ್ನು ತಿಳಿದು ಕೇಳಿಯೇ ಇಳಿಯಬೇಕು.

ಒಳನಾಡಿನ ಕಡೆ ಹಳ್ಳ, ಹೊಳೆಗಳಿಗೆ ಅಡ್ಡಲಾಗಿ ಕಿಂಡಿ ಅಣೆಕಟ್ಟುಗಳು ಕಾಣಿಸಿದರೆ ಸ್ವಲ್ಪ ನಿಂತು ಗಮನಿಸಿ. ಮಳೆ ನಿಂತ ಮೇಲೆ ಕಿಂಡಿಗಳಿಗೆ ಹಲಗೆ ಇಳಿಸಿ, ಮೇಲಿನ ಸಿಹಿನೀರನ್ನು ಹಿಡಿದಿಟ್ಟು, ಕೆಳಗಿನ ಉಪ್ಪುನೀರು ಗದ್ದೆಗೆ ನುಗ್ಗದಂತೆ ತಡೆಯುತ್ತಾರೆ. ಮಳೆಗಾಲಕ್ಕೆ ಮುನ್ನ ಹಲಗೆ ತೆಗೆಯುತ್ತಾರೆ. ಕಡಲ ನೀರು ಎಷ್ಟು ಒಳಗೆ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಡ.

14ನೆಯ ಶತಮಾನದಲ್ಲಿ ಈ ಕರಾವಳಿಯಲ್ಲಿ ಪ್ರಯಾಣಿಸಿದ ಇಬ್ನ್ ಬತೂತ, ಫಾಕನೂರ್ ಎಂಬ ಹೆಸರಿನಲ್ಲಿ ವರ್ಣಿಸಿದ ಊರನ್ನು ವಿದ್ವಾಂಸರು ಬಾರಕೂರೆಂದೇ ಗುರುತಿಸಿದ್ದಾರೆ. ಕಡಲಿನಿಂದ ಒಳಚಾಚಿದ ನೀರಿನ ದಂಡೆಯ ದೊಡ್ಡ ಊರು, ಅಲ್ಲಿ ಹೇರಳವಾಗಿ ಬೆಳೆಯುವ ಒಳ್ಳೆಯ ಕಬ್ಬು, ಅಲ್ಲಿನ ಅರಸನ ಬಳಿಯಿದ್ದ ಸುಮಾರು ಮೂವತ್ತು ಯುದ್ಧನೌಕೆಗಳು, ಅವುಗಳ ನಾಯಕನಾಗಿದ್ದ ಮುಸ್ಲಿಂ ನಾವಿಕ: ಇಷ್ಟನ್ನು ಅವನು ದಾಖಲಿಸಿದ್ದಾನೆ. ಬೆಳಗಿನ ನದಿಯಲ್ಲಿ ಕುಳಿತು ಈ ವಿವರವನ್ನು ನೆನೆದರೆ, ಮುಂದೆ ಕೇರಿಗಳಲ್ಲಿ ಕಾಣುವ ಸಂಪತ್ತು ಎಲ್ಲಿಂದ ಬಂತೆಂಬುದು ಅರ್ಥವಾಗುತ್ತದೆ.

ತಿಂಡಿಯನ್ನು ಸಾಲಿಗ್ರಾಮ ಅಥವಾ ಬ್ರಹ್ಮಾವರದ ಹೋಟೆಲಿನಲ್ಲಿ ಮುಗಿಸಿಕೊಂಡು ಹೊರಡಿ. ಬೆಳಿಗ್ಗೆ ಬನ್ಸ್, ಕಡುಬು, ನೀರುದೋಸೆ ಸಿಗುತ್ತವೆ. ಬಾರಕೂರಿನ ಪೇಟೆ ಸಣ್ಣದು, ಮಧ್ಯಾಹ್ನದ ಊಟಕ್ಕೆ ಆಯ್ಕೆ ಕಡಿಮೆ.

ಎರಡನೆಯ ಹಂತ: ಕೇರಿಯಿಂದ ಕೇರಿಗೆ

ಬಾರಕೂರಿನ ರಚನೆಯೇ ಕೇರಿಗಳ ರಚನೆ. ಮೂಡುಕೇರಿ, ಕೋಟೆಕೇರಿ, ಚೌಳಿಕೇರಿ, ಮಣಿಗಾರಕೇರಿ, ಭಂಡಾರಕೇರಿ ಮುಂತಾದ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ, ವಿಳಾಸ ಕೇಳಿದರೂ ಜನ ಕೇರಿಯ ಹೆಸರನ್ನೇ ಹೇಳುತ್ತಾರೆ. ಇಲ್ಲಿ 365 ದೇವಸ್ಥಾನಗಳಿದ್ದವು, ಅರಸ ದಿನಕ್ಕೊಂದರಂತೆ ದರ್ಶನ ಮಾಡುತ್ತಿದ್ದ ಎಂಬ ಮಾತನ್ನು ನೀವು ಖಂಡಿತ ಕೇಳುವಿರಿ. ಆ ಲೆಕ್ಕವನ್ನು ಹಿಡಿದು ಓಡಾಡಬೇಡಿ. ಅರ್ಧ ದಿನದಲ್ಲಿ ನಾಲ್ಕು ಜಾಗಗಳನ್ನು ಗಮನವಿಟ್ಟು ನೋಡುವುದು ಇಪ್ಪತ್ತು ಜಾಗಗಳಿಗೆ ಮುಖ ತೋರಿಸಿ ಬರುವುದಕ್ಕಿಂತ ಎಷ್ಟೋ ಮೇಲು.

ಪೂಜೆ ನಡೆಯುವ ದೇವಸ್ಥಾನಗಳನ್ನು ಮಧ್ಯಾಹ್ನದೊಳಗೆ ನೋಡಿ ಮುಗಿಸಬೇಕು, ಯಾಕೆಂದರೆ ಮಹಾಪೂಜೆಯ ನಂತರ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಸಂಜೆಗೆ. ಪೇಟೆಯ ಕಡೆಯಿಂದ ಆರಂಭಿಸುವುದಾದರೆ ಚೌಳಿಕೇರಿಯ ಗಣಪತಿ ದೇವಸ್ಥಾನ ಮೊದಲು, ಅಲ್ಲಿಂದ ಕೋಟೆಕೇರಿಯ ಪಂಚಲಿಂಗೇಶ್ವರ. ಪಂಚಲಿಂಗೇಶ್ವರವು ಬಾರಕೂರಿನ ಅತ್ಯಂತ ಹಳೆಯ ದೇವಸ್ಥಾನಗಳಲ್ಲಿ ಒಂದೆಂದು ಪ್ರಸಿದ್ಧ. ಇಲ್ಲಿ ಎದುರಿನಿಂದ ಕೈಮುಗಿದು ಹಿಂದಿರುಗದೆ ಸಾವಧಾನವಾಗಿ ಪ್ರದಕ್ಷಿಣೆ ಬನ್ನಿ. ಕರಾವಳಿಯ ಕೆಲವು ಪ್ರಾಚೀನ ಗುಡಿಗಳ ಹಿಂಭಾಗ ಚೌಕವಾಗಿರದೆ, ಆನೆಯ ಹಿಂಬದಿಯಂತೆ ದುಂಡಾಗಿರುತ್ತದೆ. ಗಜಪೃಷ್ಠವೆಂದು ಕರೆಯುವ ಈ ವಿನ್ಯಾಸಕ್ಕೆ ಉಡುಪಿಯ ರಥಬೀದಿಯ ಅನಂತೇಶ್ವರ ದೇವಸ್ಥಾನ ಎಲ್ಲರೂ ಬಲ್ಲ ಉದಾಹರಣೆ. ಹಿಂದಿನ ಸಂಜೆ ಉಡುಪಿಯಲ್ಲಿದ್ದವರು ಅದನ್ನು ನೋಡಿಕೊಂಡು ಬಂದರೆ ಕೋಟೆಕೇರಿಯಲ್ಲಿ ಹೋಲಿಸಿ ನೋಡಲು ಅನುಕೂಲವಾಗುತ್ತದೆ.

ಹೆಚ್ಚಿನ ದೇವಸ್ಥಾನಗಳಲ್ಲಿ ಒಳಾಂಗಣಕ್ಕೆ ಹೋಗುವ ಗಂಡಸರು ಅಂಗಿ, ಬನಿಯನ್ ತೆಗೆಯುವ ಪದ್ಧತಿಯಿದೆ. ಗರ್ಭಗುಡಿಯ ಕಡೆಗೆ ಕ್ಯಾಮೆರಾ ತಿರುಗಿಸಬಾರದು, ಹೊರಾಂಗಣದ ಫೋಟೊಕ್ಕೂ ಅರ್ಚಕರನ್ನೋ ಕಚೇರಿಯವರನ್ನೋ ಒಂದು ಮಾತು ಕೇಳಿ. "ಭಟ್ರೇ, ಈ ಶಾಸನದ ಕಲ್ಲು ಒಂದು ನೋಡಬಹುದಾ?" ಎಂದು ಗೌರವದಿಂದ ಕೇಳಿದರೆ ಬೇಡವೆನ್ನುವವರು ಕಡಿಮೆ, ಎಷ್ಟೋ ಸಲ ಅವರೇ ಬಂದು ತೋರಿಸುತ್ತಾರೆ. ಸುತ್ತಮುತ್ತ ಕುಂದಗನ್ನಡ, ತುಳು, ಕೊಂಕಣಿ ಮೂರೂ ಕೇಳಿಬರುತ್ತವೆ. ಕನ್ನಡದಲ್ಲಿ ಮಾತಾಡಿಸಿದರೆ ಎಲ್ಲಿಯೂ ತೊಂದರೆಯಿಲ್ಲ.

ಕೋಟೆಕೇರಿಗೆ ಬಂದವರು ಕೋಟೆಯನ್ನೂ ನೋಡಬೇಕು, ಆದರೆ ಎತ್ತರದ ಬುರುಜುಗಳನ್ನು ನಿರೀಕ್ಷಿಸಬಾರದು. ವಿಜಯನಗರದ ಹರಿಹರನ ಕಾಲದ್ದೆಂದು ಹೇಳುವ ಈ ಕೋಟೆಯಲ್ಲಿ ಈಗ ಉಳಿದಿರುವುದು ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಯ ತುಂಡುಗಳು, ಕಂದಕದ ಗುರುತುಗಳು, ಪೊದೆಗಳು. ಮಳೆ ನಿಂತ ಕೂಡಲೇ ಹುಲ್ಲು ಸೊಂಟದೆತ್ತರ ಬೆಳೆದಿರುವುದರಿಂದ ಹಾವಿನ ಭಯವಿದೆ. ಡಿಸೆಂಬರ್ ನಂತರ ಓಡಾಡಲು ಸುಲಭ. ಗೋಡೆಯ ಮೇಲೆ ಹತ್ತಬೇಡಿ: ಬೇರುಗಳು ಒಳಸೇರಿ ಸಡಿಲವಾದ ಕಲ್ಲು ಒಬ್ಬರ ಭಾರಕ್ಕೂ ಕುಸಿಯಬಹುದು.

ನಡಿಗೆಯ ದಾರಿಯಲ್ಲಿ ಅಲ್ಲಲ್ಲಿ ನಾಗಬನಗಳು ಸಿಗುತ್ತವೆ. ಮುರಕಲ್ಲಿನ ಕಟ್ಟೆ, ಹೆಡೆಯ ಕಲ್ಲುಗಳು, ಸುತ್ತ ಕಡಿಯದೆ ಬಿಟ್ಟ ಮರಗಳು. ಚಪ್ಪಲಿ ಹಾಕಿಕೊಂಡು ಒಳಗೆ ಹೋಗಬಾರದು, ಬಳ್ಳಿ ಎಲೆಗಳನ್ನು ಕೀಳಬಾರದು. ದೂರದಿಂದ ನಿಂತು ನೋಡಿದರೂ ಸುತ್ತಲಿನ ತೋಟದಲ್ಲಿ ಕಾಣದ ಗಿಡಮರಗಳು ಅಲ್ಲಿ ಉಳಿದಿರುವುದು ತಿಳಿಯುತ್ತದೆ. ಭಂಡಾರಕೇರಿಯ ಮಠ, ಮೂಡುಕೇರಿಯ ಸೋಮನಾಥೇಶ್ವರ, ಊರಿನ ಸಂತ ಪೀಟರ್ ಚರ್ಚ್, ಇವು ಸಮಯ ಉಳಿದರೆ ನೋಡಬಹುದಾದ ಜಾಗಗಳು.

ಭೂತಾಳ ಪಾಂಡ್ಯನ ಕಥೆಯನ್ನು ತಿಳಿದು ಬಂದರೆ ಈ ಊರಿನ ನಡಿಗೆಗೆ ಇನ್ನೊಂದು ಅರ್ಥ ಬರುತ್ತದೆ. ಅರಸನೊಬ್ಬ ಹೊಸ ಹಡಗುಗಳನ್ನು ಕಟ್ಟಿಸಿ ನೀರಿಗಿಳಿಸಲು ಹೊರಟಾಗ ಕುಂಡೋದರನೆಂಬ ಭೂತ ನರಬಲಿ ಬೇಡಿತು. ಅರಸನ ಹೆಂಡತಿ ತನ್ನ ಮಕ್ಕಳನ್ನು ಕೊಡಲು ಒಪ್ಪಲಿಲ್ಲ. ಅರಸನ ತಂಗಿ ತನ್ನ ಮಗನನ್ನು ಒಪ್ಪಿಸಿದಳು. ಆ ಹುಡುಗನನ್ನು ಮೆಚ್ಚಿ ಉಳಿಸಿದ ಭೂತವೇ ಅವನನ್ನು ಭೂತಾಳ ಪಾಂಡ್ಯನಾಗಿ ಪಟ್ಟಕ್ಕೇರಿಸಿತು, ಅಲ್ಲಿಂದ ಆಸ್ತಿ ಸೋದರಳಿಯನಿಗೆ ಸಲ್ಲುವ ಅಳಿಯಸಂತಾನದ ಕಟ್ಟು ಬಂತು ಎಂಬುದು ಕಥೆ. ಇತಿಹಾಸಕಾರರು ಇದನ್ನು ಐತಿಹ್ಯವೆಂದೇ ಪರಿಗಣಿಸುತ್ತಾರೆ. ಆದರೆ ಆ ಕಟ್ಟು ಮಾತ್ರ ನಿಜವಾಗಿ ಬದುಕಿತ್ತು: ಮದ್ರಾಸ್ ಸರಕಾರ 1949ರಲ್ಲಿ ಅದಕ್ಕಾಗಿಯೇ ಒಂದು ಕಾಯ್ದೆ ತಂದಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಅದರ ಸ್ವರೂಪ ಬದಲಾಯಿತು. ಕರಾವಳಿಯ ಆಸ್ತಿ ಪದ್ಧತಿಯ ಮೂಲಕಥೆಯೇ ಹಡಗನ್ನು ನೀರಿಗಿಳಿಸುವ ಸಂದರ್ಭದಿಂದ ಹುಟ್ಟಿದೆ ಎಂಬುದನ್ನು ನಾನು ಬಹಳ ಮುಖ್ಯವೆಂದು ಭಾವಿಸುತ್ತೇನೆ. ಊರಿನ ನೆನಪಿನಲ್ಲಿ ಬಂದರು ಎಷ್ಟು ಆಳಕ್ಕಿಳಿದಿದೆ ಎಂಬುದನ್ನು ಅದು ತೋರಿಸುತ್ತದೆ.

ಮೂರನೆಯ ಹಂತ: ಕತ್ತಲೆ ಬಸದಿ ಮತ್ತು ಮಾಡಿನ ಕಲ್ಲು

ಊಟ ಮತ್ತು ವಿಶ್ರಾಂತಿಯ ನಂತರ, ಮಧ್ಯಾಹ್ನ ಮೂರರ ಸುಮಾರಿಗೆ ಮಣಿಗಾರಕೇರಿಯ ಕತ್ತಲೆ ಬಸದಿಗೆ ಬನ್ನಿ. ಇದನ್ನು ಕೊನೆಗೆ ಇಟ್ಟುಕೊಳ್ಳುವುದಕ್ಕೆ ಎರಡು ಕಾರಣಗಳಿವೆ. ಇಲ್ಲಿ ಈಗ ನಿತ್ಯಪೂಜೆ ಇಲ್ಲದಿರುವುದರಿಂದ ಬಾಗಿಲು ಹಾಕುವ ಹೊತ್ತಿನ ಚಿಂತೆಯಿಲ್ಲ. ಎರಡನೆಯದಾಗಿ, ಸಂಜೆಯ ಓರೆ ಬಿಸಿಲಿನಲ್ಲಿ ಕಲ್ಲಿನ ಮೇಲಿನ ಅಕ್ಷರಗಳು ಎದ್ದು ಕಾಣುತ್ತವೆ.

ಹೆಸರು ಬಸದಿಯಾದರೂ ಒಂದೇ ಆವರಣದಲ್ಲಿ ಜೈನ ಬಸದಿಯ ಜೊತೆಗೆ ಬೇರೆ ಗುಡಿಗಳ ಅವಶೇಷಗಳೂ ಇವೆ. ಮೊದಲು ಮಾಡನ್ನು (ಛಾವಣಿಯನ್ನು) ನೋಡಿ. ದೊಡ್ಡ ಕಲ್ಲು ಚಪ್ಪಡಿಗಳನ್ನು ಇಳಿಜಾರಾಗಿ ಹೊಂದಿಸಿರುವ ರೀತಿ ಗಮನಾರ್ಹ. ಮರದ ತೊಲೆಯ ಮೇಲೆ ಮಾಡು ಕಟ್ಟುವ ಬಡಗಿಯ ಕ್ರಮವನ್ನೇ ಕಲ್ಲುಕುಟಿಗರು ಕಲ್ಲಿನಲ್ಲಿ ಮಾಡಿದ್ದಾರೆ. ಇಷ್ಟು ಮಳೆಯ ನಾಡಿನಲ್ಲಿ ಸಮತಟ್ಟಾದ ಮಾಡು ಸೋರದೆ ಉಳಿಯದು. ಮಂಗಳೂರು ಹಂಚು ಬಂದದ್ದು ತೀರ ಈಚೆಗೆ, ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ. ಅದಕ್ಕೆ ಮೊದಲು ಬಡವರ ಮನೆಗೆ ಮುಳಿಹುಲ್ಲು, ಸಿರಿವಂತ ದೇವಸ್ಥಾನಗಳಿಗೆ ತಾಮ್ರದ ಹೊದಿಕೆ ಅಥವಾ ಕಲ್ಲಿನ ಚಪ್ಪಡಿ. ಭಟ್ಕಳದ ಖೇತಪೈ ನಾರಾಯಣ ದೇವಸ್ಥಾನವನ್ನೂ ಮೂಡುಬಿದಿರೆಯ ಬಸದಿಗಳನ್ನೂ ನೋಡಿದವರಿಗೆ ಈ ಪರಂಪರೆಯ ಪರಿಚಯವಿರುತ್ತದೆ.

ನಂತರ ಗೋಡೆ ಮತ್ತು ಕಂಬಗಳ ಕಲ್ಲನ್ನು ಬೇರೆಬೇರೆಯಾಗಿ ಗುರುತಿಸಿ. ರಂಧ್ರಗಳಿರುವ ಕೆಂಪು ಕಲ್ಲು ಮುರಕಲ್ಲು. ನೆಲದಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಈ ಕಲ್ಲಿನಲ್ಲಿ ಗೋಡೆ ಕಟ್ಟಬಹುದು, ಸೂಕ್ಷ್ಮ ಕೆತ್ತನೆ ಸಾಧ್ಯವಿಲ್ಲ. ಆದ್ದರಿಂದ ಕಂಬ, ಮೂರ್ತಿ, ಶಾಸನಗಳಿಗೆ ಕಪ್ಪು ಅಥವಾ ಬೂದು ಶಿಲೆಯನ್ನು ಬಳಸಿದ್ದಾರೆ.

ನಾಲ್ಕನೆಯ ಹಂತ: ಶಾಸನವನ್ನು ಓದಲು ಪ್ರಯತ್ನಿಸುವುದು

ಬಾರಕೂರು ಕರಾವಳಿಯಲ್ಲೇ ಶಾಸನಗಳು ಅತಿ ಹೆಚ್ಚು ದೊರೆತಿರುವ ಊರುಗಳಲ್ಲಿ ಒಂದು. ಪಾದೂರು ಗುರುರಾಜ ಭಟ್ಟರಂಥ ಇತಿಹಾಸಕಾರರು ಇಲ್ಲಿನ ಗುಡಿ, ಮೂರ್ತಿ, ಶಾಸನಗಳನ್ನು ಊರೂರು ಅಲೆದು ಅಧ್ಯಯನ ಮಾಡಿದ್ದರಿಂದಲೇ ತುಳುನಾಡಿನ ಚರಿತ್ರೆಗೆ ಒಂದು ರೂಪ ಬಂತು. ಲಿಪಿತಜ್ಞರಲ್ಲದಿದ್ದರೂ ಕನ್ನಡ ಓದಬಲ್ಲ ಯಾರೇ ಆದರೂ ಒಂದು ಶಾಸನದಿಂದ ಮೂರು ನಾಲ್ಕು ಸಂಗತಿಗಳನ್ನು ತಾವಾಗಿ ತಿಳಿಯಬಹುದು.

ಕಲ್ಲಿನ ಮೇಲ್ಭಾಗದಿಂದ ಆರಂಭಿಸಿ. ಅಲ್ಲಿ ಸಾಮಾನ್ಯವಾಗಿ ಸೂರ್ಯ ಚಂದ್ರರನ್ನು ಕೊರೆದಿರುತ್ತಾರೆ. ಕೊಟ್ಟ ದಾನ ಅವರಿರುವವರೆಗೆ ನಿಲ್ಲಲಿ ಎಂಬ ಆಶಯ ಅದು. ನಡುವೆ ಲಿಂಗವೂ ಪೂಜಿಸುವ ವ್ಯಕ್ತಿಯೂ ಇದ್ದರೆ ಶಿವಾಲಯದ ದಾನ, ಕುಳಿತ ಜಿನಮೂರ್ತಿ ಇದ್ದರೆ ಬಸದಿಯದು. ಮೊದಲ ಸಾಲಿನಲ್ಲಿ "ನಮಸ್ತುಂಗ" ಎಂಬ ಅಕ್ಷರಗಳು ಕಂಡರೆ ಶಿವಸ್ತುತಿಯಿಂದ ಆರಂಭ, "ಶ್ರೀಮತ್ಪರಮಗಂಭೀರ" ಎಂದು ಕಂಡರೆ ಜಿನಶಾಸನದ ಸ್ತುತಿ. "ಸ್ವಸ್ತಿ ಶ್ರೀ" ಎಂಬುದರ ನಂತರ ಶಕವರ್ಷ, ಸಂವತ್ಸರ, ಮಾಸ, ತಿಥಿಗಳು ಬರುತ್ತವೆ. ಶಕವರ್ಷಕ್ಕೆ 78 ಸೇರಿಸಿದರೆ ಕ್ರಿಸ್ತಶಕ ಸಿಗುತ್ತದೆ: ಶಕ 1258 ಎಂದರೆ 1336. ಮುಂದಿನ ಸಾಲುಗಳಲ್ಲಿ ಅರಸನ ಹೆಸರು, ಅವನ ಕೈಕೆಳಗೆ ಬಾರಕೂರನ್ನು ಆಳುತ್ತಿದ್ದ ಅಧಿಕಾರಿಯ ಹೆಸರು, ದಾನ ಕೊಟ್ಟ ಭೂಮಿಯ ಎಲ್ಲೆ ಅಥವಾ ಗದ್ಯಾಣಗಳ (ಚಿನ್ನದ ನಾಣ್ಯಗಳ) ಲೆಕ್ಕ ಇರುತ್ತವೆ. ಬಾರಕೂರು ಗದ್ಯಾಣವೆಂದೇ ಹೆಸರಾದ ಹೊನ್ನು ಚಲಾವಣೆಯಲ್ಲಿತ್ತು. ಆಳುಪರ ನಾಣ್ಯಗಳ ಮೇಲೆ ಎರಡು ಮೀನುಗಳ ಗುರುತು ಇರುತ್ತಿತ್ತು. ಕೊನೆಯಲ್ಲಿ ದಾನವನ್ನು ಕೆಡಿಸಿದವರಿಗೆ ಶಾಪ.

ಅಕ್ಷರ ಮಸುಕಾಗಿದ್ದರೆ ಟಾರ್ಚನ್ನು ಎದುರಿನಿಂದ ಹಿಡಿಯದೆ ಕಲ್ಲಿನ ಪಕ್ಕದಿಂದ, ಮೈಗೆ ತಾಗುವಷ್ಟು ಓರೆಯಾಗಿ ಹಿಡಿಯಿರಿ. ನೆರಳು ಬಿದ್ದ ಗೆರೆಗಳು ಅಕ್ಷರಗಳಾಗಿ ತೆರೆದುಕೊಳ್ಳುತ್ತವೆ. ಎಡ, ಬಲ, ಕೆಳಗೆ, ಹೀಗೆ ಬೆಳಕಿನ ದಿಕ್ಕು ಬದಲಿಸಿ ಒಂದೇ ಜಾಗದಿಂದ ಹಲವು ಫೋಟೊ ತೆಗೆದುಕೊಂಡರೆ ಮನೆಯಲ್ಲಿ ಕುಳಿತು ಓದಬಹುದು. ಕಲ್ಲಿಗೆ ಸುಣ್ಣದ ಪುಡಿ, ಮೈದಾ ಹಿಟ್ಟು, ಎಣ್ಣೆ ಸವರುವುದು, ಪಾಚಿಯನ್ನು ಕಬ್ಬಿಣದ ಬ್ರಷ್ಷಿನಿಂದ ಉಜ್ಜುವುದು ದೊಡ್ಡ ಅನ್ಯಾಯ. ಆರೇಳು ನೂರು ಮಳೆಗಾಲಗಳನ್ನು ತಡೆದ ಅಕ್ಷರ ಒಂದು ಮಧ್ಯಾಹ್ನದ ಉಜ್ಜುವಿಕೆಯಿಂದ ಹೋಗಿಬಿಡಬಹುದು.

ನಿಧಿಯ ಆಸೆಗೆ ಹಳೆಯ ಗುಡಿಗಳ ನೆಲವನ್ನು ಅಗೆಯುವ ಕೆಟ್ಟ ಚಾಳಿ ಕರ್ನಾಟಕದ ಎಲ್ಲ ಕಡೆಯಂತೆ ಕರಾವಳಿಯಲ್ಲೂ ಇದೆ. ಹೊಸದಾಗಿ ಅಗೆದ ಗುಂಡಿ ಕಣ್ಣಿಗೆ ಬಿದ್ದರೆ ಪಂಚಾಯಿತಿಗೋ ಪೊಲೀಸರಿಗೋ ತಿಳಿಸಿ. ಹಳೆಯ ನಾಣ್ಯವೋ ಮೂರ್ತಿಯ ತುಂಡೋ ಸಿಕ್ಕರೆ ಚೀಲಕ್ಕೆ ಹಾಕಿಕೊಳ್ಳುವಂತಿಲ್ಲ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕೆಂಬ ಕಾನೂನು 1878ರಿಂದಲೇ ಇದೆ. ಸಂರಕ್ಷಿತ ಸ್ಮಾರಕಗಳ ಬಳಿ ಡ್ರೋನ್ ಹಾರಿಸಲು ಮುಂಚಿತ ಅನುಮತಿ ಬೇಕು.

ಸಂಜೆ: ಅಳಿವೆಯ ಕಡೆಗೆ

ಐದು ಗಂಟೆಗೆ ಬಾರಕೂರು ಬಿಟ್ಟರೆ ಸೂರ್ಯಾಸ್ತದೊಳಗೆ ಸೀತಾನದಿ ಕಡಲು ಸೇರುವ ಜಾಗವನ್ನು ನೋಡಬಹುದು. ಹೆದ್ದಾರಿಗೆ ಬಂದು ಪಶ್ಚಿಮಕ್ಕೆ ತಿರುಗಿದರೆ ಹಂಗಾರಕಟ್ಟೆ. ನೀರಿನಾಚೆ ಕಾಣುವ ಕಿರಿದಾದ ಮರಳಿನ ಚಾಚು ಕೋಡಿಬೆಂಗ್ರೆ. ಸೀತಾ ಮತ್ತು ಸ್ವರ್ಣಾ ನದಿಗಳು ಇಲ್ಲಿ ಕೂಡಿ ಅರಬ್ಬೀ ಸಮುದ್ರಕ್ಕೆ ಇಳಿಯುತ್ತವೆ. ಬೆಳಿಗ್ಗೆ ಒಳನಾಡಿನಲ್ಲಿ ನೋಡಿದ ಶಾಂತವಾದ ನೀರಿಗೂ ಇಲ್ಲಿನ ನೀರಿಗೂ ಇರುವ ವ್ಯತ್ಯಾಸ ನೋಡಿದರೆ, ಹಡಗಿನವರು ಯಾಕೆ ಕಡಲತಡಿಯನ್ನು ಬಿಟ್ಟು ಒಳಗಿನ ಬಾರಕೂರನ್ನು ನೆಚ್ಚಿದರೆಂಬುದು ವಿವರಣೆಯಿಲ್ಲದೆ ತಿಳಿಯುತ್ತದೆ.

ಕೋಡಿಬೆಂಗ್ರೆಯ ಕಡೆಯಿಂದಲೇ ನೋಡಬೇಕೆಂದಿದ್ದರೆ ಸಂತೆಕಟ್ಟೆ, ಕೆಮ್ಮಣ್ಣು, ಹೂಡೆಯ ಮಾರ್ಗವಾಗಿ ಹೋಗಬೇಕು. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ ಇರುವ ಆ ರಸ್ತೆ ಸೈಕಲ್ಲಿನವರಿಗೆ ಈ ಜಿಲ್ಲೆಯ ಅತ್ಯುತ್ತಮ ಸವಾರಿ. ಉಡುಪಿಗೆ ಮರಳುವವರಿಗೆ ಅದೇ ದಾರಿ ಅನುಕೂಲ. ಎರಡು ಕಡೆಗಳಲ್ಲಿಯೂ ಅಳಿವೆಯ ನೀರಿಗೆ ಈಜಲು ಇಳಿಯಬಾರದು. ಇಳಿತ ಆರಂಭವಾದ ಮೇಲೆ ಎರಡು ನದಿಗಳ ನೀರು ಒಂದೇ ಬಾಗಿಲಿನಿಂದ ಹೊರನುಗ್ಗುವುದರಿಂದ ಸೆಳೆತ ತೀವ್ರ, ಮೇಲಿನಿಂದ ನೋಡುವವರಿಗೆ ಅದು ಕಾಣಿಸದು.

ಚಳಿಗಾಲದಲ್ಲಿ ರಾತ್ರಿ ಉಳಿಯುವವರು ಸುತ್ತಲಿನ ಊರುಗಳಲ್ಲಿ ಎಲ್ಲಿ ಆಟ (ಯಕ್ಷಗಾನ) ಇದೆ ಎಂದು ವಿಚಾರಿಸಿ. ಬಾರಕೂರಿಗೆ ಸಮೀಪದ ಮಂದಾರ್ತಿಯ ದುರ್ಗಾಪರಮೇಶ್ವರಿ ದೇವಸ್ಥಾನದ ಮೇಳಗಳು ಹರಕೆಯ ಬಯಲಾಟಗಳನ್ನು ಆಡುತ್ತಾ ಊರೂರು ತಿರುಗುತ್ತಿರುತ್ತವೆ. ಬಡಗುತಿಟ್ಟಿನ (ಯಕ್ಷಗಾನದ ಬಡಗಣ ಶೈಲಿಯ) ಚೆಂಡೆಯ ಸದ್ದು ಗದ್ದೆ ಬಯಲಿನಲ್ಲಿ ಬಹುದೂರ ಕೇಳುತ್ತದೆ. ಪ್ರವೇಶಕ್ಕೆ ಟಿಕೆಟ್ ಇರುವುದಿಲ್ಲ, ಯಾರು ಬೇಕಾದರೂ ಕುಳಿತು ನೋಡಬಹುದು. ಆಟ ಮುಗಿಯುವಾಗ ಬಸ್ಸು ಸಿಗದಿರುವ ಸಂಭವವಿರುವುದರಿಂದ ರಿಕ್ಷಾದವರ ಫೋನ್ ನಂಬರನ್ನು ಹಗಲಿನಲ್ಲೇ ಪಡೆದಿಟ್ಟುಕೊಳ್ಳಿ.